ಏಣಿಯ ಕೆಳಗಿನ ಮೆಟ್ಟಿಲು

ದೇಶ ಸುತ್ತಬೇಕು, ಕೋಶ ಓದಬೇಕು ಎಂದು ಹಿರಿಯರು ಹೇಳಿದ್ದಾರೆ. ಸುತ್ತುವುದಕ್ಕೆ ತಗಲುವ ವೆಚ್ಚವನ್ನು ಯಾರು ವಹಿಸಬೇಕೆಂಬ ವಿಚಾರದಲ್ಲಿ ಮಾತ್ರ ಗಾದೆ ಮೌನವಾಗಿದೆ. ಉಳ್ಳವರ ಮನೆಯಲ್ಲಿ ಈ ಪ್ರಶ್ನೆ ಹುಟ್ಟುವುದಿಲ್ಲ. ಇಲ್ಲದವರ ಮನೆಯಲ್ಲಿ ಹುಟ್ಟಿದರೂ ಬಾಯಿಗೆ ಬರುವುದಿಲ್ಲ. ಇವೆರಡರ ನಡುವೆ ಇರುವ ಮನೆಗಳುಂಟು: ಮಾಸ್ತರರದು, ಗುಮಾಸ್ತರದು, ಸಣ್ಣ ವ್ಯಾಪಾರಿಗಳದು, ಹತ್ತಾರು ಎಕರೆ ಒಣಭೂಮಿಯ ಒಕ್ಕಲಿಗರದು. ಅಂಥ ಮನೆಗಳಲ್ಲಿ ಮಗನೋ ಮಗಳೋ ಪಿ.ಯು.ಸಿ. ಎರಡನೆಯ ವರ್ಷಕ್ಕೆ ಕಾಲಿಟ್ಟಾಗ ಒಂದು ರಾತ್ರಿ ಊಟದ ಹೊತ್ತಿನಲ್ಲಿ ಈ ಮಾತು ತಲೆಯೆತ್ತುತ್ತದೆ. ಪರದೇಶದ ವಿಶ್ವವಿದ್ಯಾನಿಲಯಗಳು ನಮ್ಮಂಥವರ ಮಕ್ಕಳಿಗೂ ವಿದ್ಯಾರ್ಥಿವೇತನ ಕೊಡುತ್ತವಂತೆ, ನಿಜವೇ?

ನಿಜ. ಆದರೆ ಹಾಗೆ ದೊರೆಯುವ ವೇತನಗಳಲ್ಲಿ ಹೆಚ್ಚಿನವು ಬಿ.ಎ. ಅಥವಾ ಬಿ.ಎಸ್‌ಸಿ. ಮುಗಿಸಿದವರಿಗೆ ಮೀಸಲಾದುವು. ಹದಿನೇಳು ಹದಿನೆಂಟರ ವಯಸ್ಸಿನಲ್ಲಿ, ಮೊದಲನೆಯ ಪದವಿಗಾಗಿಯೇ ಹೊರಡುವವರಿಗೆ ದೊರೆಯುವ ವೇತನಗಳು ಬೆರಳೆಣಿಕೆಯಷ್ಟು. ಆ ಕೆಲವನ್ನು ಕುರಿತೇ ಇಲ್ಲಿಯ ವಿಚಾರ. ಅದನ್ನು ಬೆಂಗಳೂರಿನ ಬಸವನಗುಡಿಯಿಂದಲ್ಲ, ರಾಯಚೂರು ಜಿಲ್ಲೆಯ ದೇವದುರ್ಗದಿಂದ ನೋಡುವುದು ಒಳ್ಳೆಯದು. ಏಕೆಂದರೆ ದೇವದುರ್ಗದ ಮಗುವಿಗೆ ಎಟಕುವ ಏಣಿ ರಾಜ್ಯದ ಯಾವ ಮಗುವಿಗಾದರೂ ಎಟಕುತ್ತದೆ.

ದೇವದುರ್ಗದ ಸ್ಥಿತಿಯನ್ನು ಅಂಕಿಗಳೇ ಹೇಳುತ್ತವೆ. ಪ್ರಾದೇಶಿಕ ಅಸಮತೋಲನವನ್ನು ಅಳೆಯಲು ನೇಮಕವಾದ ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿ 2002ರಲ್ಲಿ ವರದಿಯನ್ನೊಪ್ಪಿಸಿತು. ಅಂದಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದುವೆಂದೂ ಅವುಗಳಲ್ಲಿ 39 ಅತ್ಯಂತ ಹಿಂದುಳಿದುವೆಂದೂ ಅದು ವಿಂಗಡಿಸಿತು. ದೇವದುರ್ಗ ಆ 39ರ ಸಾಲಿನಲ್ಲಿತ್ತು. 2011ರ ಜನಗಣತಿಯಂತೆ ರಾಜ್ಯದಲ್ಲಿ ಅಕ್ಷರಸ್ಥರು ನೂರಕ್ಕೆ 75.36, ರಾಯಚೂರು ಜಿಲ್ಲೆಯಲ್ಲಿ 59.56, ಜಿಲ್ಲೆಯ ಹೆಂಗಸರಲ್ಲಿ 48.73. ಎಂದರೆ ಮಗಳು ಪಿ.ಯು.ಸಿ. ಓದುತ್ತಿರುವ ಎಷ್ಟೋ ಮನೆಗಳಲ್ಲಿ ತಾಯಿ ತನ್ನ ಹೆಸರನ್ನು ಬರೆಯಲಾರಳು.

ಹಾಗೆಂದು ಈ ನೆಲ ವಿದ್ಯೆಗೆ ಬಂಜೆಯಾಗಿತ್ತೆಂದು ಯಾರೂ ಭಾವಿಸಬಾರದು. ದಾಸಪಂಥದ ಗೋಪಾಲದಾಸರು ಹುಟ್ಟಿದ ಮೊಸರಕಲ್ಲು ಇದೇ ತಾಲ್ಲೂಕಿನ ಹಳ್ಳಿ. ಜಗನ್ನಾಥದಾಸರ ಬ್ಯಾಗವಾಟ ನೆರೆಯ ಮಾನ್ವಿ ಸೀಮೆಯದು. ಕೃಷ್ಣೆ ಭೀಮೆಯರನ್ನು ದಾಟಿದರೆ ಚಿತ್ತಾಪುರದ ಬಳಿ ನಾಗಾವಿ ಸಿಗುತ್ತದೆ. ಅಲ್ಲಿ 11ನೆಯ ಶತಮಾನದಲ್ಲಿ, ಕಲ್ಯಾಣದ ಚಾಲುಕ್ಯರ ಕಾಲದಲ್ಲಿ, ಘಟಿಕಾಸ್ಥಾನವೊಂದು ನಡೆಯುತ್ತಿತ್ತು. ವಿದ್ಯಾರ್ಥಿಗಳ ಅಶನ ವಸನಗಳಿಗೂ ಉಪಾಧ್ಯಾಯರ ಜೀವನಕ್ಕೂ ಪುಸ್ತಕಭಂಡಾರವನ್ನು ಕಾಯುವ ಸರಸ್ವತೀ ಭಂಡಾರಿಗಳಿಗೂ ಭೂಮಿ ಬಿಟ್ಟುದನ್ನು ಅಲ್ಲಿಯ ಶಾಸನ ತಿಳಿಸುತ್ತದೆ. ಪರದೇಶದ ವಿದ್ಯಾರ್ಥಿಗಳನ್ನು ಸಲಹುವ ಪದ್ಧತಿಯೂ ಈ ದೇಶಕ್ಕೆ ಹೊಸತಲ್ಲ. 9ನೆಯ ಶತಮಾನದಲ್ಲಿ ಸುವರ್ಣದ್ವೀಪದ ಅರಸ ಬಾಲಪುತ್ರದೇವನು ನಾಲಂದೆಯಲ್ಲಿ ವಿಹಾರವನ್ನು ಕಟ್ಟಿಸಿದಾಗ, ಅದರ ನಿರ್ವಹಣೆಗಾಗಿ ಪಾಲವಂಶದ ದೇವಪಾಲನು ಐದು ಹಳ್ಳಿಗಳನ್ನು ದತ್ತಿಯಾಗಿ ಕೊಟ್ಟನು. ವಿದ್ಯಾರ್ಥಿಯನ್ನು ಕರೆದರೆ ಅವನ ಅನ್ನದ ವ್ಯವಸ್ಥೆಯನ್ನೂ ಮಾಡಬೇಕೆಂಬುದು ಅಂದಿನವರಿಗೆ ಹೇಳಿಕೊಡಬೇಕಾದ ಮಾತಾಗಿರಲಿಲ್ಲ.

ಇನ್ನು ಹತ್ತಿರದ ಕಾಲಕ್ಕೆ ಬರಬಹುದು. 1948ರವರೆಗೆ ದೇವದುರ್ಗ ಹೈದರಾಬಾದಿನ ನಿಜಾಮರ ಆಳ್ವಿಕೆಗೆ ಸೇರಿತ್ತು. ಆ ಸಂಸ್ಥಾನ ವಿದ್ಯೆಗಾಗಿ ಮಕ್ಕಳನ್ನು ಹೊರದೇಶಕ್ಕೆ ಕಳುಹಿಸದೆ ಇರಲಿಲ್ಲ. 1895ರಲ್ಲಿ ನಿಜಾಮರ ವಿದ್ಯಾರ್ಥಿವೇತನವನ್ನು ಪಡೆದು ಹದಿನಾರು ವರ್ಷದ ಹುಡುಗಿಯೊಬ್ಬಳು ಇಂಗ್ಲೆಂಡಿಗೆ ಹೊರಟಳು. ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿಯೂ ಅನಂತರ ಕೇಂಬ್ರಿಜ್ಜಿನ ಗರ್ಟನ್ ಕಾಲೇಜಿನಲ್ಲಿಯೂ ಓದಿ, ಆರೋಗ್ಯ ಕೆಟ್ಟು, ಪದವಿಯಿಲ್ಲದೆಯೇ 1898ರಲ್ಲಿ ಮರಳಿದಳು. ಪದವಿಗಾಗಿ ಅಲ್ಲಿಯೇ ನಿಂತಿದ್ದರೂ ಅದು ಕೈಸೇರುತ್ತಿರಲಿಲ್ಲ. ಕೇಂಬ್ರಿಜ್ ವಿಶ್ವವಿದ್ಯಾನಿಲಯ ಹೆಂಗಸರಿಗೆ ಪದವಿಯನ್ನು ಕೊಡಲಾರಂಭಿಸಿದ್ದು 1948ರಲ್ಲಿ. ಆ ಹುಡುಗಿಯೇ ಮುಂದೆ ಸರೋಜಿನಿ ನಾಯಿಡು ಎಂದು ಪ್ರಸಿದ್ಧರಾದವರು.

ಆಕೆಯ ಪ್ರತಿಭೆ ಅಸಾಧಾರಣವಾದದ್ದು. ಹನ್ನೆರಡನೆಯ ವಯಸ್ಸಿನಲ್ಲಿಯೇ ಮದರಾಸಿನ ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ತೇರ್ಗಡೆಯಾದವರು ಅವರು. ಆದರೆ ಪ್ರತಿಭೆಯ ಬೆನ್ನಿಗೆ ಒಂದು ಮನೆಯಿತ್ತೆಂಬುದನ್ನೂ ಮರೆಯಲಾಗದು. ತಂದೆ ಅಘೋರನಾಥ ಚಟ್ಟೋಪಾಧ್ಯಾಯರು ಸ್ವತಃ ಎಡಿನ್‌ಬರೋದಲ್ಲಿ ಓದಿ ವಿಜ್ಞಾನದ ಡಾಕ್ಟರೇಟ್ ಪಡೆದು ಬಂದವರು. ಹೈದರಾಬಾದಿನ ಕಾಲೇಜಿನ ಸ್ಥಾಪಕರಲ್ಲಿ ಒಬ್ಬರು. ಅರ್ಜಿಯನ್ನು ಹೇಗೆ ಬರೆಯಬೇಕು, ಯಾರನ್ನು ಕಾಣಬೇಕು, ಹಡಗಿನ ಪ್ರಯಾಣಕ್ಕೆ ಏನೇನು ಬೇಕು ಎಂಬುದು ಆ ಮನೆಯಲ್ಲಿ ತಿಳಿದ ವಿಷಯವಾಗಿತ್ತು. ಅದೇ ಸಂಸ್ಥಾನದ ದೇವದುರ್ಗದಲ್ಲಿ ಅದೇ ವಯಸ್ಸಿನ ಕನ್ನಡದ ಹುಡುಗ ಮೇಲಿನ ತರಗತಿಗೆ ಹೋಗಬೇಕಾದರೆ ಮೊದಲು ಉರ್ದುವನ್ನು ಕಲಿಯಬೇಕಾಗಿತ್ತು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯ ದೇಶಭಾಷೆಯೊಂದರಲ್ಲಿ ಉನ್ನತ ವಿದ್ಯೆಯನ್ನು ಕಲಿಸಿದ ಕೀರ್ತಿಗೆ ಭಾಜನವಾಯಿತು. ಆ ದೇಶಭಾಷೆ ರಾಯಚೂರಿನ ಮನೆಗಳ ಭಾಷೆಯಾಗಿರಲಿಲ್ಲ. ದೊರೆಯ ಬೊಕ್ಕಸ ಒಂದೇ. ಅದರಿಂದ ಹೊರಟ ವೇತನ ತಲುಪಿದ ಮನೆಗೂ ತಲುಪದ ಮನೆಗೂ ನಡುವೆ ಇದ್ದ ಅಂತರ ಬುದ್ಧಿಯದಲ್ಲ, ದಾರಿಯದು.

ಮೊದಲ ಪದವಿಗೇ ಸಹಾಯ ಮಾಡುವ ವೇತನ ಏನು ಮಾಡಬಲ್ಲುದೆಂಬುದಕ್ಕೆ ಇನ್ನೊಂದು ನಿದರ್ಶನ ಬಂಗಾಳದ್ದು. ಗಿಲ್‌ಕ್ರಿಸ್ಟ್ ನಿಧಿಯವರು ಭಾರತದ ವಿದ್ಯಾರ್ಥಿಗಳಿಗಾಗಿ ಸ್ಪರ್ಧಾ ಪರೀಕ್ಷೆಯೊಂದನ್ನು ನಡೆಸಿ, ಗೆದ್ದವರನ್ನು ಬ್ರಿಟನ್ನಿನ ವಿಶ್ವವಿದ್ಯಾನಿಲಯಗಳಿಗೆ ಕಳುಹಿಸುತ್ತಿದ್ದರು. 1882ರಲ್ಲಿ ಅದನ್ನು ಗೆದ್ದು ಎಡಿನ್‌ಬರೋಗೆ ಹೋದವರು ಪ್ರಫುಲ್ಲಚಂದ್ರ ರಾಯರು. ಆಗ ಅವರಿನ್ನೂ ಪದವೀಧರರಾಗಿರಲಿಲ್ಲ. ತಂದೆಯ ಜಮೀನ್ದಾರಿ ಸಾಲದಲ್ಲಿ ಕರಗುತ್ತಿತ್ತು. ವೇತನವಿಲ್ಲದಿದ್ದರೆ ಪ್ರಯಾಣದ ಮಾತೇ ಇರಲಿಲ್ಲ. 1885ರಲ್ಲಿ ಬಿ.ಎಸ್‌ಸಿ., 1887ರಲ್ಲಿ ಡಿ.ಎಸ್‌ಸಿ. ಪದವಿಗಳನ್ನು ಪಡೆದು ಮರಳಿದ ರಾಯರು ಕಲಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಅಧ್ಯಾಪಕರಾದರು. ಬೆಂಗಾಲ್ ಕೆಮಿಕಲ್ ಕಾರ್ಖಾನೆಯನ್ನು ಕಟ್ಟಿದರು. ರಸಾಯನಶಾಸ್ತ್ರಜ್ಞರ ಒಂದು ಪೀಳಿಗೆಯನ್ನೇ ಬೆಳೆಸಿದರು. ಕೆಲವು ವರ್ಷಗಳ ಸಹಾಯಧನ ಒಂದು ನಾಡಿನ ಉದ್ಯಮಕ್ಕೆ ಬೀಜವಾಯಿತು.

ಕನ್ನಡ ನಾಡಿಗೆ ತೀರ ಸಮೀಪದ ಕತೆ ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದೊಡನೆ ಸೇರಿಕೊಂಡಿದೆ. ಅಲ್ಲಿಯ ಆಡಳಿತಮಂಡಲಿಯ ಸದಸ್ಯರಾಗಿದ್ದ ಲೆವಿ ಬಾರ್ಬರ್ ಎಂಬವರು ಏಷ್ಯದಲ್ಲಿ ಸಂಚರಿಸುತ್ತಿದ್ದಾಗ, ತಮ್ಮ ವಿಶ್ವವಿದ್ಯಾನಿಲಯದಲ್ಲಿ ವೈದ್ಯವಿದ್ಯೆ ಕಲಿತು ಸ್ವದೇಶಕ್ಕೆ ಹಿಂದಿರುಗಿದ್ದ ಏಷ್ಯದ ಮಹಿಳೆಯರ ಕೆಲಸವನ್ನು ಕಂಡರು. ಚೀನದ ಷಿ ಮೇಯು ಮತ್ತು ಕಾಂಗ್ ಚೆಂಗ್ ಎಂಬ ವೈದ್ಯೆಯರು 1896ರಲ್ಲಿ ಅಲ್ಲಿಂದ ತೇರ್ಗಡೆಯಾದವರು. ಈ ಅನುಭವದಿಂದ ಬಾರ್ಬರ್ ಮಹಾಶಯರು 1917ರಲ್ಲಿ ಏಷ್ಯದ ಹೆಣ್ಣುಮಕ್ಕಳಿಗಾಗಿಯೇ ಒಂದು ವಿದ್ಯಾರ್ಥಿವೇತನವನ್ನು ಸ್ಥಾಪಿಸಿದರು. ತಲಚೇರಿಯ ಸಸ್ಯವಿಜ್ಞಾನಿ ಜಾನಕಿ ಅಮ್ಮಾಳ್ ಅವರು 1920ರ ದಶಕದಲ್ಲಿ ಈ ವೇತನದಿಂದ ಮಿಷಿಗನ್ನಿನಲ್ಲಿ ಓದಿದರು.

1922ರಲ್ಲಿ ನಂಜನಗೂಡಿನಲ್ಲಿ ಹುಟ್ಟಿದ ರಾಜೇಶ್ವರಿಯವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತವನ್ನು ಓದಿ, ಟಾಟಾ ವಿಜ್ಞಾನ ಮಂದಿರದಲ್ಲಿ ಸಂಶೋಧನೆಗೆ ಸೇರಿದ್ದರು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಸರ್ಕಾರದ ವಿದ್ಯಾರ್ಥಿವೇತನ ದೊರೆತು, 1947ರ ಜುಲೈಯಲ್ಲಿ, ಸೈನಿಕರನ್ನು ಸಾಗಿಸುವುದಕ್ಕಾಗಿ ನಿರ್ಮಿಸಿದ್ದ ಮೆರೀನ್ ಆಡರ್ ಎಂಬ ಹಡಗನ್ನೇರಿ ಅಮೆರಿಕಕ್ಕೆ ಹೊರಟರು. ಸಮುದ್ರದ ಮೇಲೆ ಒಂದು ತಿಂಗಳು ಕಳೆಯಿತು. ಅವರು ಹೊರಟಾಗ ಪರತಂತ್ರವಾಗಿದ್ದ ದೇಶ ಆಗಸ್ಟಿನಲ್ಲಿ ಸ್ವತಂತ್ರವಾಯಿತು. ಮಿಷಿಗನ್ನಿನಲ್ಲಿ ಎಂ.ಎಸ್. ಮುಗಿದ ಮೇಲೆ, 1949ರಲ್ಲಿ, ಬಾರ್ಬರ್ ವೇತನ ಅವರ ಕೈಹಿಡಿಯಿತು. ಡಾಕ್ಟರೇಟ್ ಪದವಿಯೊಡನೆ 1953ರಲ್ಲಿ ಬೆಂಗಳೂರಿಗೆ ಮರಳಿ, ಓದಿದ ಸಂಸ್ಥೆಯಲ್ಲಿಯೇ ಅಧ್ಯಾಪಕರಾದರು. ಪತಿ ಶಿಶಿರಕುಮಾರ ಚಟರ್ಜಿಯವರೊಡನೆ ಮೈಕ್ರೋವೇವ್ ತಂತ್ರವಿದ್ಯೆಯ ಸಂಶೋಧನೆಗೆ ಭಾರತದಲ್ಲಿ ತಳಹದಿ ಹಾಕಿದರು. ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರರೆಂದು ಹೆಸರಾದ ರಾಜೇಶ್ವರಿ ಚಟರ್ಜಿಯವರು 2010ರಲ್ಲಿ ನಿಧನರಾದರು.

ಇಲ್ಲಿಯೂ ಒಂದು ಮನೆಯುಂಟು. ಅವರ ಅಜ್ಜಿ ಕಮಲಮ್ಮ ದಾಸಪ್ಪನವರು ಮೈಸೂರು ಸಂಸ್ಥಾನದ ಮೊತ್ತಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು. ಮೊಮ್ಮಗಳು ಅಕ್ಷರ ಕಲಿತದ್ದು ಆ ಅಜ್ಜಿ ಕಟ್ಟಿದ ಮಹಿಳಾ ಸೇವಾ ಸಮಾಜದ ಶಾಲೆಯಲ್ಲಿ. ಅಜ್ಜಿ ಹಾಕಿದ ಮೆಟ್ಟಿಲಿನ ಮೇಲೆ ಮೊಮ್ಮಗಳು ಕಾಲಿಟ್ಟು ನಡೆದಳು. ಇದರಿಂದ ಆಕೆಯ ಸಾಧನೆಗೆ ಯಾವ ಕುಂದೂ ಇಲ್ಲ. ವಿದ್ಯಾರ್ಥಿವೇತನವೆಂಬುದು ಏಣಿಯ ಮೇಲಿನ ಮೆಟ್ಟಿಲು. ಅದನ್ನು ಹತ್ತುವವರು ಕೆಳಗಿನ ಮೆಟ್ಟಿಲುಗಳನ್ನು ಮನೆಯಲ್ಲಿಯೇ ಪಡೆದಿರುತ್ತಾರೆ ಎಂಬುದಷ್ಟೇ ಇಲ್ಲಿ ಗಮನಿಸಬೇಕಾದ ಸಂಗತಿ. ಮನೆಯಲ್ಲಿ ಆ ಮೆಟ್ಟಿಲುಗಳಿಲ್ಲದ ಮಗುವಿಗೆ ಅವನ್ನು ಯಾರು ಹಾಕಿಕೊಡಬೇಕು? ದೇವದುರ್ಗದ ಪ್ರಶ್ನೆಯೆಲ್ಲ ಇದೊಂದರಲ್ಲಿ ಅಡಗಿದೆ.

ಸರ್ಕಾರ ಏನು ಮಾಡಿದೆ ಎಂಬುದನ್ನು ಮೊದಲು ನೋಡಬಹುದು. ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ 1954-55ರಷ್ಟು ಹಳೆಯದು. ಪರಿಶಿಷ್ಟ ಜಾತಿಯವರು, ಅಲೆಮಾರಿ ಪಂಗಡದವರು, ಭೂಹೀನ ಕೂಲಿಕಾರರ ಮತ್ತು ಪರಂಪರೆಯ ಕುಶಲಕರ್ಮಿಗಳ ಮಕ್ಕಳು ಇದಕ್ಕೆ ಅರ್ಹರು. ಪರಿಶಿಷ್ಟ ಪಂಗಡದವರಿಗೆ ಇದೇ ಮಾದರಿಯ ಬೇರೊಂದು ಯೋಜನೆಯುಂಟು. ಇವೆರಡೂ ಸ್ನಾತಕೋತ್ತರ ಹಾಗೂ ಅದಕ್ಕೂ ಮೇಲಿನ ವ್ಯಾಸಂಗಕ್ಕೆ ಮಾತ್ರ. ಮೊದಲ ಪದವಿಗೆ ಹೊರಡುವವನಿಗೆ ಅಲ್ಲಿ ಬಾಗಿಲಿಲ್ಲ. ಕರ್ನಾಟಕದ ಸಮಾಜ ಕಲ್ಯಾಣ ಇಲಾಖೆ ರೂಪಿಸಿದ ‘ಪ್ರಬುದ್ಧ’ ಎಂಬ ಯೋಜನೆ ಪರಿಶಿಷ್ಟ ಜಾತಿ ಮತ್ತು ಪಂಗಡದ ವಿದ್ಯಾರ್ಥಿಗಳಿಗಾಗಿ ಮೊದಲ ಪದವಿಯನ್ನೂ ಸೇರಿಸಿಕೊಂಡದ್ದು ಅದರ ಹೆಚ್ಚುಗಾರಿಕೆ. ನಾಯಕ ಜನಾಂಗದವರೂ ದಲಿತರೂ ಹೆಚ್ಚಾಗಿರುವ ದೇವದುರ್ಗದಂಥ ತಾಲ್ಲೂಕಿನಲ್ಲಿ ಈ ಹೆಸರು ಪ್ರತಿ ಕಾಲೇಜಿನ ಪ್ರಕಟನ ಫಲಕದ ಮೇಲೆ ಇರಬೇಕಾದದ್ದು. ಇಂಥ ಯೋಜನೆಗಳ ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಆಯಾ ವರ್ಷದ ಸರ್ಕಾರಿ ಆದೇಶವನ್ನೇ ಓದಬೇಕು. ಕೇಳಿದ ಮಾತನ್ನು ನೆಚ್ಚಬಾರದು.

ಸರ್ಕಾರಗಳು ಸ್ನಾತಕೋತ್ತರ ವಿದ್ಯೆಗೇ ಏಕೆ ಒಲಿಯುತ್ತವೆ ಎಂಬುದಕ್ಕೂ ಕಾರಣವಿಲ್ಲದಿಲ್ಲ. ಎರಡು ವರ್ಷದ ವ್ಯಾಸಂಗಕ್ಕೆ ತಗಲುವ ಹಣ ನಾಲ್ಕು ವರ್ಷದ ಅರ್ಧ. ಪದವೀಧರನ ಯೋಗ್ಯತೆ ಆಗಲೇ ಪರೀಕ್ಷಿತವಾಗಿರುತ್ತದೆ. ಹದಿನೇಳರ ಮಗುವನ್ನು ಪರದೇಶದ ಚಳಿಗೂ ಒಂಟಿತನಕ್ಕೂ ಒಪ್ಪಿಸುವ ಅಳುಕು ಸರ್ಕಾರಕ್ಕೂ ತಂದೆತಾಯಿಗಳಿಗೂ ಒಂದೇ. ಇದೆಲ್ಲ ಸರಿ. ಆದರೆ ಸ್ನಾತಕೋತ್ತರದ ಹೊತ್ತಿಗೆ ಜರಡಿ ಹಿಡಿಯುವ ಕೆಲಸ ಮುಗಿದೇ ಹೋಗಿರುತ್ತದೆ. ಒಳ್ಳೆಯ ಪ್ರಯೋಗಶಾಲೆಯಿಲ್ಲದ, ಪುಸ್ತಕಭಂಡಾರವಿಲ್ಲದ ಕಾಲೇಜಿನಲ್ಲಿ ಮೂರು ವರ್ಷ ಕಳೆದ ಜಾಣ ವಿದ್ಯಾರ್ಥಿ ಇಪ್ಪತ್ತೊಂದರ ವಯಸ್ಸಿಗೆ ನಗರದ ವಿದ್ಯಾರ್ಥಿಯೊಡನೆ ಸ್ಪರ್ಧಿಸಲಾರದೆ ನಿಲ್ಲುತ್ತಾನೆ. ಅವನಿಗೆ ಸಹಾಯ ಬೇಕಾಗಿದ್ದದ್ದು ಹದಿನೇಳರಲ್ಲಿ.

ಆ ವಯಸ್ಸಿನಲ್ಲಿ ಸಹಾಯ ನೀಡುವವು ಹೆಚ್ಚಾಗಿ ಪರದೇಶದ ವಿಶ್ವವಿದ್ಯಾನಿಲಯಗಳೇ. ಅಮೆರಿಕದ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂ.ಐ.ಟಿ., ಆಮ್‌ಹರ್ಸ್ಟ್ ಮೊದಲಾದ ಕೆಲವು ಸಂಸ್ಥೆಗಳು ಹೊರದೇಶದ ವಿದ್ಯಾರ್ಥಿಗೆ ಪ್ರವೇಶ ಕೊಡಬೇಕೇ ಬೇಡವೇ ಎಂದು ನಿರ್ಧರಿಸುವಾಗ ಕುಟುಂಬದ ಹಣದ ಸ್ಥಿತಿಯನ್ನು ಗಣನೆಗೆ ತರುವುದಿಲ್ಲ. ಪ್ರವೇಶ ಕೊಟ್ಟ ಮೇಲೆ, ಆ ಕುಟುಂಬ ಎಷ್ಟು ಕೊಡಬಲ್ಲುದೆಂದು ಲೆಕ್ಕಹಾಕಿ, ಉಳಿದುದನ್ನೆಲ್ಲ ತಾವೇ ಭರಿಸುತ್ತವೆ. ಏನೂ ಕೊಡಲಾರದ ಕುಟುಂಬ ಏನನ್ನೂ ಕೊಡಬೇಕಾಗಿಲ್ಲ. ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ಭಾರತದ ವಿದ್ಯಾರ್ಥಿಗಳ ಮೊದಲ ಪದವಿಗಾಗಿಯೇ ಟಾಟಾ ಸಂಸ್ಥೆಯವರು 2008ರಲ್ಲಿ 2.5 ಕೋಟಿ ಡಾಲರುಗಳ ನಿಧಿಯನ್ನಿಟ್ಟರು. ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಬಡರಾಷ್ಟ್ರಗಳ ವಿದ್ಯಾರ್ಥಿಗಳ ಮೊದಲ ಪದವಿಗಾಗಿ ‘ರೀಚ್ ಆಕ್ಸ್‌ಫರ್ಡ್’ ಎಂಬ ವೇತನ ಏರ್ಪಟ್ಟಿತು. ಶುಲ್ಕ, ಜೀವನವೆಚ್ಚ, ವರ್ಷಕ್ಕೊಮ್ಮೆ ಊರಿಗೆ ಬಂದು ಹೋಗುವ ವಿಮಾನದ ವೆಚ್ಚಗಳಿಗೂ ಅದರಲ್ಲಿ ಅವಕಾಶ ಕಲ್ಪಿಸಲಾಯಿತು. ಅಂಥ ಸ್ಥಾನಗಳು ವರ್ಷಕ್ಕೆ ಎರಡೋ ಮೂರೋ. ಅಮೆರಿಕದ ಮೇಲೆ ಹೇಳಿದ ಸಂಸ್ಥೆಗಳಲ್ಲಿಯೂ ಅರ್ಜಿ ಹಾಕಿದ ನೂರು ಮಂದಿಯಲ್ಲಿ ಹತ್ತು ಮಂದಿಗೂ ಪ್ರವೇಶ ಸಿಗುವುದಿಲ್ಲ. ಆದ್ದರಿಂದ ಇದು ಹೊಲದ ಬೆಳೆಯಂತೆ ನಂಬಿಕೊಂಡು ಕೂಡುವ ವಸ್ತುವಲ್ಲ.

ವಿದ್ಯಾರ್ಥಿವೇತನವೆಂಬ ಒಂದೇ ಹೆಸರಿನಲ್ಲಿ ಬೇರೆಬೇರೆ ಪದಾರ್ಥಗಳು ಮಾರಾಟವಾಗುತ್ತವೆಂಬುದನ್ನು ಗೃಹಸ್ಥರು ಚೆನ್ನಾಗಿ ತಿಳಿಯಬೇಕು. ಜಪಾನಿನ ಬೆಪ್ಪು ನಗರದಲ್ಲಿ 2000ದಲ್ಲಿ ಆರಂಭವಾದ ರಿತ್ಸುಮೇಕಾನ್ ಏಷ್ಯ ಪೆಸಿಫಿಕ್ ವಿಶ್ವವಿದ್ಯಾನಿಲಯ ಹೊರದೇಶದ ವಿದ್ಯಾರ್ಥಿಗಳಿಗೆ ಕೊಡುವುದು ಶುಲ್ಕದಲ್ಲಿ ರಿಯಾಯಿತಿ. ಅದು ನೂರಕ್ಕೆ ಮೂವತ್ತು ಇರಬಹುದು, ನೂರಕ್ಕೆ ನೂರೂ ಇರಬಹುದು. ಅದನ್ನು ಅವರು ಬಚ್ಚಿಡದೆ ಹೇಳುತ್ತಾರೆ. ಎಲ್ಲರೂ ಅಷ್ಟು ಸ್ಪಷ್ಟವಾಗಿ ಹೇಳುವುದಿಲ್ಲ. ವರ್ಷಕ್ಕೆ 30 ಲಕ್ಷ ರೂಪಾಯಿಗಳ ಶುಲ್ಕವೆಂದು ಇಟ್ಟುಕೊಂಡರೆ, ಅರ್ಧ ವೇತನ ದೊರೆತ ವಿದ್ಯಾರ್ಥಿಯ ತಂದೆ ವರ್ಷಕ್ಕೆ 15 ಲಕ್ಷವನ್ನು ಕಟ್ಟಬೇಕು. ನಾಲ್ಕು ವರ್ಷಕ್ಕೆ 60 ಲಕ್ಷ. ಊಟ, ವಸತಿ, ಬಟ್ಟೆ, ಔಷಧ ಬೇರೆ. ಪತ್ರದ ತಲೆಯ ಮೇಲೆ ‘ಅಭಿನಂದನೆಗಳು’ ಎಂದು ಅಚ್ಚಾಗಿದ್ದ ಮಾತ್ರಕ್ಕೆ ಹೊಲವನ್ನು ಅಡವಿಡುವುದು ವಿವೇಕವಲ್ಲ. ಕೈಗೆ ಬರುವ ಮೊತ್ತವೆಷ್ಟು ಎಂಬುದಕ್ಕಿಂತ ಕೈಯಿಂದ ಹೋಗುವ ಮೊತ್ತವೆಷ್ಟು ಎಂದು ಕೇಳುವುದೇ ಸರಿಯಾದ ಲೆಕ್ಕ. ನಡುವಿನ ಏಜೆಂಟರು ಶುಲ್ಕ ಪಡೆದು ಅರ್ಜಿ ಬರೆದುಕೊಡುವುದುಂಟು; ಅವರಲ್ಲಿ ಕೆಲವರಿಗೆ ಕಾಲೇಜಿನಿಂದಲೂ ದಳ್ಳಾಳಿ ಸಲ್ಲುತ್ತದೆಯೆಂಬುದನ್ನು ನೆನಪಿನಲ್ಲಿಡಬೇಕು.

ಈಗ ದೇವದುರ್ಗದ ಹತ್ತಿ ಬೆಳೆಗಾರನೊಬ್ಬನ ಮಗಳು ಅಮೆರಿಕದ ಅಂಥದೊಂದು ಕಾಲೇಜಿಗೆ ಅರ್ಜಿ ಹಾಕಲು ಮನಸ್ಸು ಮಾಡಿದಳೆಂದು ಊಹಿಸಬಹುದು. ಗಣಿತದಲ್ಲಿ ಆಕೆಗೆ ತಾಲ್ಲೂಕಿಗೇ ಹೆಚ್ಚಿನ ಅಂಕಗಳು. ಅರ್ಜಿ ತಲುಪಬೇಕಾದದ್ದು ಸಾಮಾನ್ಯವಾಗಿ ಜನವರಿಯ ಮೊದಲ ದಿನಗಳಲ್ಲಿ. ಎಂದರೆ ಎರಡನೆಯ ಪಿ.ಯು.ಸಿ. ಪರೀಕ್ಷೆಗೆ ಬಹಳ ಮುಂಚೆ. ಫಲಿತಾಂಶ ಬಂದ ಮೇಲೆ ನೋಡೋಣವೆಂದು ಕೂಡುವ ಮನೆಯವರಿಗೆ ಒಂದು ವರ್ಷ ಅಲ್ಲಿಗೇ ಕಳೆದುಹೋಯಿತು. ಆಕೆ ತನ್ನನ್ನು ಕುರಿತು ಒಂದು ಪ್ರಬಂಧವನ್ನು ಇಂಗ್ಲಿಷಿನಲ್ಲಿ ಬರೆಯಬೇಕು. ತನ್ನನ್ನು ಕುರಿತು ಬರೆಯುವುದು ಅವಿನಯವೆಂದು ಕಲಿತು ಬೆಳೆದ ಹುಡುಗಿಗೆ ಇದೇ ಮೊದಲ ತೊಡಕು. ಉಪಾಧ್ಯಾಯರಿಬ್ಬರು ಆಕೆಯ ವಿಷಯವಾಗಿ ಪತ್ರ ಬರೆಯಬೇಕು. ‘ನಡತೆ ಉತ್ತಮ, ಹಾಜರಿ ತೃಪ್ತಿಕರ’ ಎಂಬ ಎರಡು ಸಾಲಿನ ಪ್ರಮಾಣಪತ್ರ ಅಲ್ಲಿ ಕೆಲಸಕ್ಕೆ ಬಾರದು. ಈ ಹುಡುಗಿ ಯಾವ ಲೆಕ್ಕವನ್ನು ಹೇಗೆ ಬಿಡಿಸಿದಳು, ಯಾವ ಪ್ರಶ್ನೆ ಕೇಳಿದಳು ಎಂದು ಬರೆಯಬಲ್ಲ ಅಧ್ಯಾಪಕರು ಬೇಕು. ತಂದೆಯ ಆದಾಯವನ್ನು ವಿಸ್ತಾರವಾದ ನಮೂನೆಯೊಂದರಲ್ಲಿ ತುಂಬಬೇಕು. ಮಳೆ ಬಂದ ವರ್ಷ ಒಂದು ಆದಾಯ, ಬಾರದ ವರ್ಷ ಸಾಲ. ಇದನ್ನು ತಿಂಗಳ ಸಂಬಳದ ಕಲಮುಗಳಲ್ಲಿ ಅಡಕಮಾಡುವುದು ಹೇಗೆ? ತಹಸೀಲ್ದಾರರ ಪ್ರಮಾಣಪತ್ರ ಕನ್ನಡದಲ್ಲಿರುತ್ತದೆ, ಅದರ ಭಾಷಾಂತರವಾಗಬೇಕು. ಇಷ್ಟರ ಮೇಲೆ ಇಂಗ್ಲಿಷ್ ಭಾಷೆಯ ಪರೀಕ್ಷೆಗಾಗಿ ದೊಡ್ಡ ಊರಿಗೆ ಹೋಗಬೇಕು. ಬ್ರಿಟನ್ನಿನ ಕೆಲವು ವಿಶ್ವವಿದ್ಯಾನಿಲಯಗಳಂತೂ ರಾಜ್ಯ ಮಂಡಲಿಯ ಪರೀಕ್ಷೆಯಷ್ಟನ್ನೇ ಸಾಕೆಂದು ಒಪ್ಪುವುದಿಲ್ಲ.

ಈ ಅಡಚಣೆಗಳ ಪಟ್ಟಿಯಲ್ಲಿ ಬುದ್ಧಿಗೆ ಸಂಬಂಧಿಸಿದ್ದು ಯಾವುದೂ ಇಲ್ಲ. ಹಣಕ್ಕೆ ಸಂಬಂಧಿಸಿದ್ದೂ ಅತ್ಯಲ್ಪ. ಅರ್ಜಿಯ ಶುಲ್ಕವನ್ನು ಬಡ ವಿದ್ಯಾರ್ಥಿ ಕೇಳಿಕೊಂಡರೆ ಮನ್ನಾ ಮಾಡುವ ಕಾಲೇಜುಗಳು ಎಷ್ಟೋ ಇವೆ. ಕೊರತೆಯಿರುವುದು ತಿಳಿವಳಿಕೆಗೆ, ಜೊತೆಗೆ ಒಂದು ವರ್ಷದ ಸಿದ್ಧತೆಗೆ.

ಈ ಒಂದು ವರ್ಷದ ಬೆಲೆಯನ್ನು ಅರಿತ ದೇಶಗಳು ಹಿಂದೆಯೂ ಇದ್ದವು. ಜಪಾನ್ ಸರ್ಕಾರದ ವಿದ್ಯಾರ್ಥಿವೇತನ 1954ರಲ್ಲಿ ಆರಂಭವಾಯಿತು. ಅದರಲ್ಲಿ ಮೊದಲ ಪದವಿಗೆ ಹೋಗುವವರಿಗೆ ಸಾಮಾನ್ಯವಾಗಿ ಐದು ವರ್ಷದ ಅವಧಿ. ಮೊದಲನೆಯ ವರ್ಷವೆಲ್ಲ ಜಪಾನೀ ಭಾಷೆಯನ್ನು ಕಲಿಯುವುದಕ್ಕೆ. 1960ರಲ್ಲಿ ಮಾಸ್ಕೋ ನಗರದಲ್ಲಿ ಏಷ್ಯ, ಆಫ್ರಿಕ, ಲ್ಯಾಟಿನ್ ಅಮೆರಿಕಗಳ ವಿದ್ಯಾರ್ಥಿಗಳಿಗಾಗಿಯೇ ಸ್ಥಾಪಿತವಾಗಿ, ಮರುವರ್ಷ ಲುಮುಂಬಾ ಅವರ ಹೆಸರನ್ನು ಪಡೆದ ವಿಶ್ವವಿದ್ಯಾನಿಲಯದಲ್ಲಿಯೂ ಮೊದಲು ರಷ್ಯನ್ ಭಾಷೆಯ ಸಿದ್ಧತಾ ವರ್ಗ. ಭಾಷೆ ಬಾರದೆಂಬುದು ಅಲ್ಲಿ ಅಪರಾಧವಾಗಲಿಲ್ಲ. ಅದು ಸಂಸ್ಥೆ ನೀಗಿಸಬೇಕಾದ ಕೊರತೆಯೆಂದು ಭಾವಿಸಿ ಒಂದು ವರ್ಷವನ್ನು ಅದಕ್ಕೆಂದೇ ತೆಗೆದಿಟ್ಟರು. ನೂರು ವರ್ಷಗಳ ಹಿಂದೆ ಉರ್ದು ಬಾರದ ಕನ್ನಡದ ಹುಡುಗನಿಗೆ ಇಂಥ ವರ್ಷವನ್ನು ಯಾರೂ ಕೊಡಲಿಲ್ಲ. ಇಂಗ್ಲಿಷಿನಲ್ಲಿ ತಡವರಿಸುವ ಅವನ ಮರಿಮಗಳಿಗೂ ಯಾರೂ ಕೊಟ್ಟಿಲ್ಲ.

ಅದನ್ನು ಕೊಡುವುದು ದುಸ್ಸಾಧ್ಯವೇನಲ್ಲ. ರಾಯಚೂರಿನಲ್ಲಿ ಈಗ ಕೃಷಿ ವಿಶ್ವವಿದ್ಯಾನಿಲಯವಿದೆ, ಕೇಂದ್ರದ ಮಾಹಿತಿ ತಂತ್ರಜ್ಞಾನ ಸಂಸ್ಥೆಯಿದೆ, ಜಿಲ್ಲೆಗೆ ತನ್ನದೇ ಆದ ವಿಶ್ವವಿದ್ಯಾನಿಲಯ ಬಂದಿದೆ. ಬೇಸಗೆಯ ರಜೆಯಲ್ಲಿ ದೇವದುರ್ಗ, ಮಾನ್ವಿ, ಲಿಂಗಸುಗೂರು ಮೊದಲಾದ ತಾಲ್ಲೂಕುಗಳ ಮೊದಲನೆಯ ಪಿ.ಯು.ಸಿ. ಮುಗಿಸಿದ ಇಪ್ಪತ್ತು ಮೂವತ್ತು ಮಂದಿಯನ್ನು ಒಂದೆಡೆ ಸೇರಿಸಿ, ಇಂಗ್ಲಿಷಿನಲ್ಲಿ ಬರೆಯುವುದನ್ನೂ ಅರ್ಜಿಯ ಕ್ರಮವನ್ನೂ ಕಲಿಸಬಹುದು. ಪ್ರತಿ ಕಾಲೇಜಿನಲ್ಲಿ ಒಬ್ಬ ಅಧ್ಯಾಪಕರು ಈ ವಿಷಯವನ್ನು ತಮ್ಮದೆಂದು ವಹಿಸಿಕೊಂಡರೆ ಸಾಕು. ನಾಗಾವಿಯ ಸರಸ್ವತೀ ಭಂಡಾರಿಗಳಿಗೆ ಭೂಮಿ ಬಿಟ್ಟವರು ಈ ಕೆಲಸದ ಬೆಲೆಯನ್ನು ಬಲ್ಲವರಾಗಿದ್ದರು. ಊರಿನಿಂದ ಹೋಗಿ ನಗರದಲ್ಲಿ ನೆಲೆಸಿದವರು ಹಣ ಕೊಡದಿದ್ದರೂ ಒಂದೊಂದು ಮಗುವಿನ ಪ್ರಬಂಧವನ್ನು ಓದಿ ತಿದ್ದಿಕೊಡಬಹುದು. ಹೀಗೆ ಸಿದ್ಧರಾದ ಮೂವತ್ತರಲ್ಲಿ ಒಬ್ಬರೂ ಪರದೇಶಕ್ಕೆ ಹೋಗದೆ ಇರಬಹುದು. ಆದರೂ ಆ ಸಿದ್ಧತೆ ಅವರನ್ನು ಬೆಂಗಳೂರಿಗೂ ದೆಹಲಿಗೂ ಮದರಾಸಿಗೂ ಒಯ್ಯುತ್ತದೆ, ಕಷ್ಟಪಟ್ಟದ್ದು ವ್ಯರ್ಥವಾಗದು.

ಇದಕ್ಕೆ ಎದುರಾಗಿ ಹೇಳುವ ಮಾತುಗಳೂ ಇವೆ. ಸಂವಿಧಾನದ 371ಜೆ ವಿಧಿ ಬಂದ ಮೇಲೆ ಈ ಭಾಗದ ಮಕ್ಕಳಿಗೆ ವೈದ್ಯಕೀಯ, ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಸ್ಥಳೀಯ ಮೀಸಲಾತಿ ದೊರೆತಿದೆ. ಕೈಯಲ್ಲಿರುವ ಸೀಟನ್ನು ಬಿಟ್ಟು ಕಾಣದ ಊರಿನ ಹಿಂದೆ ಹೋಗುವುದೇಕೆ ಎಂದು ತಂದೆ ಕೇಳುತ್ತಾನೆ. ಅವನ ಮಾತಿನಲ್ಲಿ ತೂಕವಿದೆ. ಬೀದರಿನಲ್ಲಿಯೋ ಕಲಬುರಗಿಯಲ್ಲಿಯೋ ವೈದ್ಯವಿದ್ಯೆ ಕಲಿತು ಬಂದ ಮಗಳು ಊರಿಗೆ ಮಾಡುವ ಉಪಕಾರ ಸಣ್ಣದಲ್ಲ. ಹೋದವರು ಮರಳುವುದಿಲ್ಲ ಎಂಬುದು ಎರಡನೆಯ ಆಕ್ಷೇಪ. ಪ್ರಫುಲ್ಲಚಂದ್ರರು ಮರಳಿದರು, ರಾಜೇಶ್ವರಿಯವರು ಮರಳಿದರು. ಮರಳದವರೂ ಸಾವಿರಾರು ಮಂದಿ ಇದ್ದಾರೆ. ಆದರೆ ದೇವದುರ್ಗದ ಜನ ದುಡಿಮೆಯನ್ನರಸಿ ಊರು ಬಿಟ್ಟು ಬೆಂಗಳೂರಿನ ಕಟ್ಟಡಗಳ ಕೆಲಸಕ್ಕೆ ಹೋಗುವಾಗ ಮರಳುವರೋ ಇಲ್ಲವೋ ಎಂದು ಯಾರೂ ಚಿಂತಿಸಲಿಲ್ಲ. ಇಟ್ಟಿಗೆ ಹೊರಲು ಹೋಗುವ ಮಗನಿಗೆ ಹಾಕದ ಕರಾರನ್ನು ಓದಲು ಹೋಗುವ ಮಗಳಿಗೆ ಮಾತ್ರ ಹಾಕುವುದು ನ್ಯಾಯವಾಗಲಾರದು. ಹೆಣ್ಣುಮಗಳನ್ನು ಅಷ್ಟು ದೂರ ಕಳುಹಿಸುವುದೆಂತು ಎಂಬುದು ಮೂರನೆಯದು. 1895ರಲ್ಲಿ ಹಡಗನ್ನೇರಿದ ಹದಿನಾರರ ಹುಡುಗಿಯೂ 1947ರಲ್ಲಿ ಒಂದು ತಿಂಗಳು ಕಡಲಲ್ಲಿ ಸಾಗಿದ ನಂಜನಗೂಡಿನ ಯುವತಿಯೂ ಅದಕ್ಕೆ ಉತ್ತರವನ್ನು ಕೊಟ್ಟಾಗಿದೆ. ಅವರ ಕಾಲದಲ್ಲಿ ಕಾಗದ ತಲುಪುವುದಕ್ಕೆ ವಾರಗಳೇ ಬೇಕಾಗಿದ್ದುವು. ಇಂದು ಮಗಳ ಮುಖವನ್ನು ತಾಯಿ ಪ್ರತಿ ರಾತ್ರಿ ನೋಡಬಲ್ಲಳು.

ಎಲ್ಲರೂ ಹೋಗಬೇಕೆಂದು ಯಾರೂ ಹೇಳಲಾರರು. ಊರಿನಲ್ಲಿಯೇ ಓದಿ, ಊರಿನಲ್ಲಿಯೇ ದುಡಿಯುವುದು ಗೌರವದ ಬಾಳು. ಆದರೆ ಅದು ಆರಿಸಿಕೊಂಡ ಬಾಳಾಗಬೇಕು. ದಾರಿ ಇದೆಯೆಂಬುದೇ ತಿಳಿಯದೆ ಉಳಿದವರನ್ನು ಉಳಿಯಲು ಬಯಸಿದವರೆಂದು ಹೇಳಲಾಗುವುದಿಲ್ಲ. ಬರುವ ಜನವರಿಯಲ್ಲಿ ಪರದೇಶದ ಆ ಕಾಲೇಜುಗಳಿಗೆ ಪ್ರಪಂಚದ ಮೂಲೆ ಮೂಲೆಗಳಿಂದ ಅರ್ಜಿಗಳು ಹೋಗಿ ಬೀಳುತ್ತವೆ. ಅವುಗಳ ನಡುವೆ ದೇವದುರ್ಗದಿಂದ ಹೊರಟದ್ದು ಒಂದಾದರೂ ಇರಬೇಕಾದರೆ, ಅದರ ಕೆಲಸ ಅಲ್ಲಿಯ ಯಾವುದೋ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಈ ಏಪ್ರಿಲಿನಲ್ಲಿಯೇ ಆರಂಭವಾಗಬೇಕು.